ಮರಳಿ ಬಾರದ ಟ್ಯೂಲಿಪ್

ನೆದರ್ಲೆಂಡ್ಸ್‌ನ ಲಿಸ್ಸೆ ಊರಿನ ಕ್ಯೂಕೆನ್‌ಹಾಫ್ ತೋಟವನ್ನು ಕಣ್ಣಾರೆ ನೋಡದ ನಮ್ಮವರಿಗೂ ಅದರ ಪರಿಚಯವಿದೆ. 1981ರ ‘ಸಿಲ್‌ಸಿಲಾ’ ಚಿತ್ರದ ಹಾಡಿನಲ್ಲಿ ಅಮಿತಾಭ್ ಮತ್ತು ರೇಖಾ ಓಡಾಡಿದ್ದು ಅಲ್ಲಿನ ಟ್ಯೂಲಿಪ್‌ಗಳ ನಡುವೆಯೇ. 32 ಹೆಕ್ಟೇರ್ ಜಾಗ, ಸುಮಾರು 70 ಲಕ್ಷ ಗೆಡ್ಡೆ, ಮಾರ್ಚ್ ಮಧ್ಯದಿಂದ ಮೇ ಮಧ್ಯದವರೆಗೆ ಸುಮಾರು ಎಂಟು ವಾರಗಳ ಪ್ರದರ್ಶನ. ಗೆಡ್ಡೆ ನೆಟ್ಟು ಹೂವರಳಿಸುವ ಕಸುಬಿನಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ಮನೆಯಂಗಳದಲ್ಲಿ ವಸಂತದ ಹೂ ಕಾಣಬೇಕೆನ್ನುವವರಿಗೆ ಇದಕ್ಕಿಂತ ಕೆಟ್ಟ ಗುರುವೂ ಇನ್ನೊಂದಿಲ್ಲ.

ಮೊದಲು ಕಸುಬಿನ ಮಾತು. ಪ್ರತಿ ಶರತ್ಕಾಲದಲ್ಲಿ ಅಲ್ಲಿನ ಮಾಲಿಗಳು ಅಷ್ಟೂ ಗೆಡ್ಡೆಗಳನ್ನು ಕೈಯಿಂದಲೇ ನೆಡುತ್ತಾರೆ. ಒಂದೇ ಮಡಿಯಲ್ಲಿ ಪದರ ಪದರವಾಗಿ ನೆಡುವುದು ಅವರ ರೀತಿ: ತಡವಾಗಿ ಅರಳುವ ಟ್ಯೂಲಿಪ್ ಆಳದಲ್ಲಿ, ಬೇಗ ಅರಳುವುದು ಅದರ ಮೇಲೆ, ಎಲ್ಲಕ್ಕಿಂತ ಮೇಲೆ ಕ್ರೋಕಸ್. ಒಂದು ಬಾಡುವಷ್ಟರಲ್ಲಿ ಇನ್ನೊಂದು ತಲೆಯೆತ್ತುತ್ತದೆ. 19ನೇ ಶತಮಾನದಲ್ಲಿ ತೋಟಶಿಲ್ಪಿ ಸೋಖರ್ ಮತ್ತು ಅವರ ಮಗ ರೂಪಿಸಿದ ಹಳೆಯ ಉದ್ಯಾನದ ಮರಗಳೂ ಕೊಳಗಳೂ ಈ ಬಣ್ಣಗಳಿಗೆ ನೆರಳಿನ ಹಿನ್ನೆಲೆ ಒದಗಿಸುತ್ತವೆ. ಬಣ್ಣಕ್ಕೆ ಬಣ್ಣ ಹೊಂದಿಸುವುದರಲ್ಲಿ ಅವರ ಕಣ್ಣು ಬಹುಮಟ್ಟಿಗೆ ತಪ್ಪುವುದಿಲ್ಲ.

ಪ್ರದರ್ಶನ ಮುಗಿಯುತ್ತಲೇ ಆ ಗೆಡ್ಡೆಗಳನ್ನೆಲ್ಲ ಕಿತ್ತು ಹಾಕುತ್ತಾರೆ. ಶರತ್ಕಾಲಕ್ಕೆ ಹೊಸ ಗೆಡ್ಡೆ ಬರುತ್ತದೆ. ಇದರಲ್ಲಿ ಅಚ್ಚರಿಯೇನೂ ಇಲ್ಲ. 1949ರಲ್ಲಿ ಗೆಡ್ಡೆ ಬೆಳೆಗಾರರೂ ರಫ್ತುದಾರರೂ ಸೇರಿ ತಮ್ಮ ಸರಕು ತೋರಿಸಲೆಂದೇ ಕಟ್ಟಿದ ಪ್ರದರ್ಶನ ಅದು. 1950ರಿಂದ ಜನರಿಗೆ ತೆರೆದಿದೆ. ಮಾರಾಟಗಾರರು ತಮ್ಮ ಮಳಿಗೆಯನ್ನು ಪ್ರತಿ ವರ್ಷ ಹೊಸದಾಗಿ ಸಿಂಗರಿಸುವುದು ಸಹಜ. ಆದರೆ ಮಳಿಗೆಯ ಸಿಂಗಾರವನ್ನೇ ತೋಟಗಾರಿಕೆ ಎಂದು ನಂಬಿ, ಚಿತ್ರ ನೋಡಿ ಗೆಡ್ಡೆ ಆರಿಸುವ ಅಭ್ಯಾಸ ಲೋಕದ ತುಂಬ ಹಬ್ಬಿದೆಯಲ್ಲ, ನನ್ನ ತಕರಾರು ಅದರ ಬಗ್ಗೆ.

ಗೆಡ್ಡೆಯನ್ನೇ ಒಮ್ಮೆ ಕೈಗೆತ್ತಿಕೊಂಡು ನೋಡಿ. ಅಕ್ಟೋಬರ್‌ನಲ್ಲಿ ಅಂಗಡಿಯಲ್ಲಿ ಸಿಗುವ ಟ್ಯೂಲಿಪ್ ಗೆಡ್ಡೆ ಸಣ್ಣ ಈರುಳ್ಳಿಯಷ್ಟಿರುತ್ತದೆ. ಮೇಲೆ ಮುಟ್ಟಿದರೆ ಸುಲಿಯುವ ಕಂದು ಸಿಪ್ಪೆ, ಅಡಿಯಲ್ಲಿ ಬೇರು ಹೊರಡುವ ಗಟ್ಟಿ ಬುಡ. ತುದಿಯಿಂದ ಬುಡದವರೆಗೆ ಸೀಳಿದರೆ ದಪ್ಪ ಬಿಳಿ ಪದರಗಳ ನಡುವೆ ತಿಳಿಹಳದಿ ಮೊಳಕೆ ಕಾಣುತ್ತದೆ. ಅದರ ಎಳೆಯ ಎಲೆಗಳನ್ನು ಸೂಜಿಯಿಂದ ಬಿಡಿಸಿದರೆ ಒಳಗೆ ಆರು ದಳ, ಆರು ಕೇಸರ, ನಡುವೆ ಮೂರು ಮೂಲೆಯ ಅಂಡಾಶಯ. ಕೆಲವೇ ಮಿಲಿಮೀಟರ್ ಗಾತ್ರದಲ್ಲಿ ಇಡೀ ಹೂವು ಆಗಲೇ ಸಿದ್ಧವಾಗಿರುತ್ತದೆ. ಬರುವ ವಸಂತದ ಹೂವು ಹಿಂದಿನ ಬೇಸಿಗೆಯಲ್ಲೇ ರೂಪುಗೊಂಡಿರುತ್ತದೆ. ಹಾಗಾಗಿ ಮೊದಲ ವರ್ಷ ಹೂ ಬಂದರೆ ಅದರ ಶ್ರೇಯಸ್ಸು ನೆಟ್ಟವರಿಗಲ್ಲ, ಬೆಳೆದು ಕಳಿಸಿದ ರೈತರಿಗೆ ಸಲ್ಲಬೇಕು. ನೆಟ್ಟವರ ಪರೀಕ್ಷೆ ಶುರುವಾಗುವುದು ಎರಡನೆಯ ವರ್ಷ.

ಯಾಕೆಂದರೆ ಹೂ ಬಿಟ್ಟ ಮೇಲೆ ಟ್ಯೂಲಿಪ್‌ನ ತಾಯಿಗೆಡ್ಡೆ ಕರಗಿಹೋಗುತ್ತದೆ. ಅದರ ಜಾಗದಲ್ಲಿ ಮರಿಗೆಡ್ಡೆಗಳು ಬೆಳೆಯಬೇಕು. ಅವು ತುಂಬಿಕೊಳ್ಳಲು ಹೂ ಬಾಡಿದ ನಂತರವೂ ಎಲೆ ವಾರಗಟ್ಟಲೆ ಹಸಿರಾಗಿರಬೇಕು. ಆಮೇಲೆ ನೆಲ ಒಣಗಿ ಬೆಚ್ಚಗಾಗಬೇಕು. ಮಧ್ಯ ಏಷ್ಯಾದ ಟಿಯೆನ್ ಶಾನ್, ಪಾಮಿರ್ ಬೆಟ್ಟಗಳು ಈ ಗಿಡದ ತವರು. ಅಲ್ಲಿ ಚಳಿಗಾಲ ಕೊರೆಯುತ್ತದೆ, ವಸಂತ ಒದ್ದೆಯಾಗಿ ಬೇಗ ಮುಗಿಯುತ್ತದೆ, ಬೇಸಿಗೆ ಸುಟ್ಟ ಕಲ್ಲಿನಂತಿರುತ್ತದೆ. ಬೇಸಿಗೆಯಲ್ಲೂ ಮಳೆ ಬೀಳುವ ಇಂಗ್ಲೆಂಡಿನ ಜಿಗುಟು ಮಣ್ಣಿನಲ್ಲಾಗಲಿ, ದಿನವೂ ನೀರು ಚಿಮುಕಿಸುವ ಅಮೆರಿಕದ ಅಂಗಳದಲ್ಲಾಗಲಿ ಮರಿಗೆಡ್ಡೆ ಸೊರಗುತ್ತದೆ. ಮುಂದಿನ ವರ್ಷ ಒಂದೇ ಅಗಲ ಎಲೆ ಬರುತ್ತದೆ, ಹೂ ಬರುವುದಿಲ್ಲ.

ಇದು ಡಚ್ ರೈತರಿಗೆ ಚೆನ್ನಾಗಿ ಗೊತ್ತು. ಕ್ಯೂಕೆನ್‌ಹಾಫ್‌ನ ಸುತ್ತಲಿನ ಹೊಲಗಳಲ್ಲಿ ಹೂವರಳಿದ ಕೆಲವೇ ದಿನಗಳಲ್ಲಿ ಯಂತ್ರ ಬಂದು ಹೂವಿನ ತಲೆಗಳನ್ನಷ್ಟೇ ಕತ್ತರಿಸಿ ಹೋಗುತ್ತದೆ. ಬೀಜ ಕಟ್ಟುವ ಶಕ್ತಿ ಗೆಡ್ಡೆಗೆ ಇಳಿಯಲಿ ಎಂಬುದು ಲೆಕ್ಕ. ಹೊಲದಲ್ಲಿ ಗೆಡ್ಡೆಗಾಗಿ ಹೂವಿನ ಬಲಿ, ಬೇಲಿಯ ಈಚೆಗೆ ಹೂವಿಗಾಗಿ ಗೆಡ್ಡೆಯ ಬಲಿ. ಪ್ರವಾಸಿಗರು ಎರಡನೆಯದನ್ನು ಮಾತ್ರ ನೋಡಿ ಮನೆಗೆ ಮರಳುತ್ತಾರೆ. ಗೆಡ್ಡೆಯ ಬೇಸಾಯ ಆ ದೇಶದಲ್ಲಿ ಕೀಟನಾಶಕ ಮತ್ತು ಶಿಲೀಂಧ್ರನಾಶಕಗಳನ್ನು ಬಹಳವಾಗಿ ಬಳಸುವ ಬೆಳೆಗಳಲ್ಲೊಂದು. ಇಷ್ಟು ಬೆಲೆ ತೆತ್ತು ಬಂದ ಗೆಡ್ಡೆಯನ್ನು ಒಂದೇ ವಸಂತಕ್ಕೆ ಬಿಸಾಡುವುದು ನನಗೆ ಒಪ್ಪಿಗೆಯಿಲ್ಲ.

ಚೆಲುವಿನ ಮುಂದೆ ಗಿಡದ ಆರೋಗ್ಯವನ್ನು ಮರೆಯುವ ಈ ಚಾಳಿ ಹಳೆಯದು. 1637ರ ಫೆಬ್ರುವರಿಯಲ್ಲಿ ಕುಸಿದ ಡಚ್ಚರ ಟ್ಯೂಲಿಪ್ ವ್ಯಾಪಾರದಲ್ಲಿ ಜನ ಮುಗಿಬಿದ್ದದ್ದು ದಳಗಳ ಮೇಲೆ ಜ್ವಾಲೆಯಂಥ ಗೆರೆ ಮೂಡಿದ ಹೂಗಳಿಗೆ. ಆ ಗೆರೆಗೆ ಕಾರಣ ಒಂದು ವೈರಸ್ ಎಂದು ಇಂಗ್ಲೆಂಡಿನ ಡೊರೊಥಿ ಕೇಲಿ 1928ರಲ್ಲಿ ತೋರಿಸಿಕೊಟ್ಟರು. ರೋಗ ಗೆಡ್ಡೆಯನ್ನು ಕುಗ್ಗಿಸುತ್ತಿತ್ತು, ಮರಿಗಳು ಕಡಿಮೆಯಾಗುತ್ತಿದ್ದವು, ಅಪರೂಪವಾದಷ್ಟೂ ಬೆಲೆ ಏರುತ್ತಿತ್ತು.

ಹಾಗಾದರೆ ಒಳ್ಳೆಯ ಮಾದರಿ ಎಲ್ಲಿದೆ? ಇಂಗ್ಲೆಂಡಿನ ಈಸ್ಟ್ ಸಸೆಕ್ಸ್‌ನ ಗ್ರೇಟ್ ಡಿಕ್ಸ್‌ಟರ್‌ನಲ್ಲಿ ತೋಟಗಾರ ಕ್ರಿಸ್ಟೋಫರ್ ಲಾಯ್ಡ್ ಅವರ ತಾಯಿ ಬೀಜದಿಂದ ಬೆಳೆಸಿ ಹುಲ್ಲುಗಾವಲಿಗೆ ನೆಟ್ಟ ಫ್ರಿಟಿಲೇರಿಯಾ ಎಂಬ ಗೆಡ್ಡೆಗಿಡಗಳು ತಾವೇ ಬೀಜ ಉದುರಿಸಿ ಹಬ್ಬಿಕೊಂಡಿವೆ. ಬೀಜ ಉದುರಿದ ಮೇಲೆಯೇ ಅಲ್ಲಿ ಹುಲ್ಲು ಕೊಯ್ಯುತ್ತಾರೆ. ಷಿಕಾಗೋದ ಮಿಲೇನಿಯಂ ಪಾರ್ಕಿನ ಲೂರಿ ಗಾರ್ಡನ್‌ನಲ್ಲಿ ತೋಟವಿನ್ಯಾಸಕ ಪೀಟ್ ಔಡಾಲ್ಫ್ ಅವರ ಬಹುವಾರ್ಷಿಕ ಗಿಡಗಳ ನಡುವೆ ವಿನ್ಯಾಸಕಿ ಜಾಕಲೀನ್ ವಾನ್ ಡೆರ್ ಕ್ಲೂಟ್ ಗೆಡ್ಡೆಗಳನ್ನು ಚದುರಿಸಿ ನೆಡಿಸಿದ್ದಾರೆ. ಟ್ಯೂಲಿಪ್ ಎಲೆ ಹಳದಿಯಾಗುವ ಹೊತ್ತಿಗೆ ಪಕ್ಕದ ಗಿಡ ಚಿಗುರಿ ಅದನ್ನು ಮರೆಮಾಡುತ್ತದೆ. ಮಡಿಯಿಲ್ಲ, ಸಾಲಿಲ್ಲ, ಮೇ ತಿಂಗಳಲ್ಲಿ ಕೀಳುವ ಅಗತ್ಯವೂ ಇಲ್ಲ. ಈ ವಾನ್ ಡೆರ್ ಕ್ಲೂಟ್ ಅವರೇ ಕ್ಯೂಕೆನ್‌ಹಾಫ್‌ಗೂ ವಿನ್ಯಾಸ ಮಾಡಿದವರು. ಅವರ ನಿಜವಾದ ಪಾಠ ಷಿಕಾಗೋದಲ್ಲಿದೆ ಎಂದೇ ನಾನು ಹೇಳುತ್ತೇನೆ.

ಶ್ರೀನಗರದ ಟ್ಯೂಲಿಪ್ ಉದ್ಯಾನ ನೋಡುವಾಗ ಬೇಸರವಾಗುವುದು ಇದೇ ಕಾರಣಕ್ಕೆ. 2007ರಲ್ಲಿ ಜಬರ್‌ವನ್ ಬೆಟ್ಟದ ಬುಡದಲ್ಲಿ ಸ್ಥಾಪನೆಯಾದ ಆ ತೋಟದ ಮೆಟ್ಟಿಲು ಮೆಟ್ಟಿಲಾದ ನೆಲ, ಎದುರಿನ ದಲ್ ಸರೋವರ, ಹಿಂದಿನ ಬೆಟ್ಟ, ಇವು ಕ್ಯೂಕೆನ್‌ಹಾಫ್‌ಗೆ ಕನಸಿನಲ್ಲೂ ದಕ್ಕದ ಸಂಪತ್ತು. ಕಾಶ್ಮೀರದ ಹಳೆಯ ಮಣ್ಣಿನ ಮಾಳಿಗೆಗಳ ಮೇಲೆ ಟ್ಯೂಲಿಪ್, ಐರಿಸ್ ತಾವಾಗಿ ಅರಳುತ್ತಿದ್ದ ನಾಡು ಅದು. ಅಲ್ಲಿಗೂ ನೆದರ್ಲೆಂಡ್ಸ್‌ನಿಂದ ಗೆಡ್ಡೆ ತರಿಸಿ, ಅದೇ ಬಣ್ಣದ ಪಟ್ಟಿಗಳನ್ನು ಹಾಸಿದ್ದಾರೆ. ಹಿಮಾಲಯದ ಕಾಡು ಟ್ಯೂಲಿಪ್‌ಗೆ ಒಂದು ದೊಡ್ಡ ಇಳಿಜಾರನ್ನೇ ಬಿಟ್ಟುಕೊಟ್ಟರೆ ಅದು ಬೇರೆಲ್ಲೂ ಕಾಣಸಿಗದ ತೋಟವಾದೀತು.

ಯುರೋಪ್, ಅಮೆರಿಕ, ಕೆನಡಾಗಳಲ್ಲಿ ಮನೆ ಮಾಡಿರುವ ಕನ್ನಡಿಗರು ಸೆಪ್ಟೆಂಬರ್‌ನಲ್ಲಿ ಗೆಡ್ಡೆ ಕೊಳ್ಳುವಾಗ ಹಣದ ಬಹುಪಾಲನ್ನು ಡ್ಯಾಫಡಿಲ್ ಮತ್ತು ಕ್ರೋಕಸ್‌ಗೆ ಇಡಲಿ. ಡ್ಯಾಫಡಿಲ್ ವಿಷದ ಗೆಡ್ಡೆ, ಅಳಿಲೂ ಜಿಂಕೆಯೂ ಮುಟ್ಟುವುದಿಲ್ಲ. ವರ್ಷದಿಂದ ವರ್ಷಕ್ಕೆ ಹಿಂಡಾಗಿ ಬೆಳೆಯುತ್ತದೆ. ಟ್ಯೂಲಿಪ್ಪೇ ಬೇಕೆಂದರೆ ಟಾರ್ಡಾ, ಕ್ಲೂಸಿಯಾನಾದಂಥ ಕಾಡುಜಾತಿಯ ಕುಳ್ಳ ಗಿಡಗಳನ್ನು ಬಿಸಿಲು ಬೀಳುವ, ನೀರು ಬಸಿಯುವ ಜಾಗದಲ್ಲಿ ನೆಡಿ. ದೊಡ್ಡ ಹೂವಿನ ಆಸೆಯಿದ್ದರೆ ಅಪೆಲ್‌ಡೋರ್ನ್‌ನಂಥ ಡಾರ್ವಿನ್ ಹೈಬ್ರಿಡ್‌ಗಳು ಉಳಿದವಕ್ಕಿಂತ ಹೆಚ್ಚು ವರ್ಷ ಬಾಳುತ್ತವೆ. ಕೊಳ್ಳುವಾಗ ಸುತ್ತಳತೆ 12 ಸೆಂ.ಮೀ.ಗಿಂತ ಹೆಚ್ಚಿರುವ, ಒತ್ತಿದರೆ ಗಟ್ಟಿಯಾಗಿರುವ ಗೆಡ್ಡೆ ನೋಡಿ. ಕಾಡುಜಾತಿಯವು ಹುಟ್ಟಿನಿಂದಲೇ ಸಣ್ಣವು, ಅವಕ್ಕೆ ಈ ಅಳತೆ ಬೇಡ. ದೊಡ್ಡ ಗೆಡ್ಡೆಗಳನ್ನು 15ರಿಂದ 20 ಸೆಂ.ಮೀ. ಆಳಕ್ಕೆ ಇಳಿಸಿ. ಚಳಿ ತೀರಾ ಬಿರುಸಾಗದ ಕಡೆ ಟ್ಯೂಲಿಪ್ಪನ್ನು ನವೆಂಬರ್‌ವರೆಗೆ ತಡೆದು ನೆಟ್ಟರೆ ಎಲೆ ಸುಡುವ ಬೂಷ್ಟು ರೋಗದ ಕಾಟ ಕಡಿಮೆ. ಹೂ ಬಾಡಿದೊಡನೆ ತಲೆ ಚಿವುಟಿ, ಎಲೆಯನ್ನು ಮಾತ್ರ ಹಳದಿಯಾಗುವವರೆಗೂ ಮುಟ್ಟಬೇಡಿ.

ಬೆಂಗಳೂರಿನಲ್ಲಿ ಆನ್‌ಲೈನ್‌ನಿಂದ ಟ್ಯೂಲಿಪ್ ಗೆಡ್ಡೆ ತರಿಸಿ, ಬೇಕಾದ ಚಳಿಯನ್ನು ಫ್ರಿಜ್‌ನಲ್ಲಿ ಮೂರು ತಿಂಗಳು ಕೊಟ್ಟು ಅರಳಿಸುವವರಿದ್ದಾರೆ. ಒಮ್ಮೆ ಹೂ ನೋಡಿದ ಮೇಲೆ ಆ ಗೆಡ್ಡೆಗೆ ನಮ್ಮ ನೆಲದಲ್ಲಿ ಭವಿಷ್ಯವಿಲ್ಲ. ಅದೇ ದುಡ್ಡಿಗೆ ಸುಗಂಧರಾಜ, ಮಳೆ ಲಿಲ್ಲಿ ಮತ್ತು ಮೇ ಫ್ಲವರ್‌ನ ಗೆಡ್ಡೆಗಳನ್ನು ತನ್ನಿ. ಮೊದಲ ಮಳೆ ಬಿದ್ದ ಮೇಲೆ ಮೇ ಫ್ಲವರ್ ಪ್ರತಿ ವರ್ಷ ಅದೇ ಜಾಗದಲ್ಲಿ ಕೆಂಪಗೆ ಮೇಲೇಳುತ್ತದೆ, ಮತ್ತೆ ಕೊಳ್ಳಬೇಕಿಲ್ಲ.