ದ್ರಾಕ್ಷಿತೋಟದ ಮಗಳು

ಉತ್ತರ ಕರ್ನಾಟಕದ ಒಕ್ಕಲು ಮನೆತನಗಳಿಗೆ ಹೆಳವನನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಬಾಗಿಲಿಗೆ ಬಂದು ನಿಂತು, ಈ ಮನೆತನದ ಮೂಲ ಊರು ಯಾವುದು, ಯಾವ ತಲೆಮಾರಿನಲ್ಲಿ ಯಾರು ಎಲ್ಲಿಂದೆದ್ದು ಎಲ್ಲಿಗೆ ಬಂದರು, ಯಾರಿಗೆ ಎಷ್ಟು ಮಂದಿ ಮಕ್ಕಳು ಎಂಬುದನ್ನೆಲ್ಲ ತಡವರಿಸದೆ ಹೇಳಿ, ಕಾಳುಕಡಿ ಪಡೆದು ಮುಂದಿನ ಮನೆಗೆ ಹೋಗುವವನು ಅವನು. ವಂಶಚರಿತ್ರೆಯೆಂಬ ಸಾಹಿತ್ಯಪ್ರಕಾರ ನಮಗೆ ಪಶ್ಚಿಮದಿಂದ ಬಂದ ಸರಕೆಂದು ತಿಳಿದವರು ಒಮ್ಮೆ ಅವನ ಮಾತನ್ನು ಕೇಳಬೇಕು. ಆದರೆ ಅವನ ವಿದ್ಯೆಗೂ ಒಂದು ಎಲ್ಲೆಯುಂಟು. ಅವನು ಮುಖ್ಯವಾಗಿ ಗಂಡುಸಂತಾನದ ಎಳೆ ಹಿಡಿದು ಸಾಗುತ್ತಾನೆ. ಮಗಳು ಹೊಸ್ತಿಲು ದಾಟಿದಳೆಂದರೆ ಈ ಮನೆಯ ಕಥೆಯಿಂದಲೂ ದಾಟಿದಂತೆಯೇ.

ಅಚ್ಚಾದ ವಂಶಚರಿತ್ರೆಗಳು ಈ ಎಲ್ಲೆಯನ್ನು ಮೀರಿವೆಯೇ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನಮ್ಮ ಕರಾವಳಿಗೆ ಸಂಬಂಧಪಟ್ಟ ಒಂದು ಸ್ವಿಸ್ ಕುಟುಂಬದ ಕಥೆಯನ್ನು ಪರಿಶೀಲಿಸಬಹುದು.

ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ ಸರೋವರದ ಬಳಿ ಕೋರ್ಸೆಲ್ ಎಂಬ ಹಳ್ಳಿಯಿದೆ. ದ್ರಾಕ್ಷಿಯ ಬೇಸಾಯಕ್ಕೆ ಹೆಸರಾದ ಸೀಮೆ. 1809ರಲ್ಲಿ ಅಲ್ಲಿನ ದ್ರಾಕ್ಷಿ ಬೆಳೆಗಾರರ ಮನೆತನವೊಂದರಲ್ಲಿ ಜೂಲಿ ದ್ಯುಬ್ವಾ ಹುಟ್ಟಿದಳು. ಮನೆಮಾತು ಫ್ರೆಂಚ್, ಮತ ಕ್ಯಾಲ್ವಿನನ ಕಟ್ಟುನಿಟ್ಟಿನ ಮತ. ಆಗಿನ ನ್ಯೂಶಾಟೆಲಿಗೆ ಇಬ್ಬರು ಒಡೆಯರು. 1815ರ ಏರ್ಪಾಟಿನಂತೆ ಅದು ಸ್ವಿಸ್ ಒಕ್ಕೂಟದ ಒಂದು ಪ್ರಾಂತವೂ ಹೌದು, ಪ್ರಷ್ಯದ ದೊರೆಯ ಸಂಸ್ಥಾನವೂ ಹೌದು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರಲ್ಲಿ ಕನ್ನಡನಾಡಿನೊಂದಿಗೆ ಕೂಡಿಕೊಂಡ ಸೇಡಂ, ಚಿಂಚೋಳಿಗಳ ಹಿರಿಯರಿಗೆ, ಮನೆಯ ಮಾತೊಂದು ದರಬಾರಿನ ಮಾತೊಂದು ಆಗಿರುವ ಸ್ಥಿತಿ ಎಂಥದೆಂದು ವಿವರಿಸಬೇಕಾಗಿಲ್ಲ.

1836ರಲ್ಲಿ ಆಂಥನಿ ನಾರಿಸ್ ಗ್ರೋವ್ಸ್ ಎಂಬ ಇಂಗ್ಲಿಷ್ ಪಾದ್ರಿಯ ತಂಡದೊಡನೆ ಜೂಲಿ ಮದ್ರಾಸಿಗೆ ಬಂದಳು. ಅದೇ ತಂಡದಲ್ಲಿ ಗ್ರೋವ್ಸನ ಮಕ್ಕಳಿಗೆ ಪಾಠ ಹೇಳಲೆಂದು ಬಂದಿದ್ದ ಜರ್ಮನ್ ತರುಣನೇ ಹರ್ಮನ್ ಗುಂಡರ್ಟ್. 1838ರಲ್ಲಿ ಚಿತ್ತೂರಿನಲ್ಲಿ ಇಬ್ಬರಿಗೂ ಮದುವೆಯಾಯಿತು. ಹೆಂಡತಿ ಗಂಡನಿಗಿಂತ ನಾಲ್ಕು ವರ್ಷ ಹಿರಿಯಳು. ಆ ವರ್ಷದ ಕೊನೆಯಲ್ಲಿ ಅವರು ಬಾಸೆಲ್ ಮಿಷನ್ ಸೇರಿ ಮಂಗಳೂರಿಗೆ ಬಂದರು. 1839ರಲ್ಲಿ ತಲಶ್ಶೇರಿಗೆ ಹೋಗಿ ನೆಲೆಸಿದರು. ಗುಂಡರ್ಟರು ಅಲ್ಲಿ ಮಲೆಯಾಳಂ ವ್ಯಾಕರಣವನ್ನೂ 1872ರಲ್ಲಿ ಅಚ್ಚಾದ ಮಹಾನಿಘಂಟನ್ನೂ ಕಟ್ಟಿದ ವಿಚಾರ ಸರ್ವವಿದಿತ. ಜೂಲಿ ಹೆಣ್ಣುಮಕ್ಕಳ ಶಾಲೆಯನ್ನೂ ವಸತಿಯನ್ನೂ ನಡೆಸಿದಳು. ಇವರ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. ಮರೀಯ ಮಗನೇ 1946ರಲ್ಲಿ ನೊಬೆಲ್ ಬಹುಮಾನ ಪಡೆದ ಹರ್ಮನ್ ಹೆಸ್ಸೆ.

ಈ ಕುಟುಂಬದ ಚರಿತ್ರೆಗೆ ಮುಖ್ಯವಾದ ಜರ್ಮನ್ ಗ್ರಂಥಗಳು ಎರಡು. ಒಂದು, ಗುಂಡರ್ಟರು ಮಲಬಾರಿನಲ್ಲಿ ಬರೆದ ದಿನಚರಿ. 1983ರಲ್ಲಿ ಆಲ್‌ಬ್ರೆಕ್ಟ್ ಫ್ರೆಂಟ್ಸ್ ಸಂಪಾದಿಸಿ ಪ್ರಕಟಿಸಿದ್ದು. ಎರಡು, ಮರೀಯ ಪತ್ರಗಳನ್ನೂ ದಿನಚರಿಯನ್ನೂ ಆಯ್ದು ಆಕೆಯ ಮಗಳು ಅಡೆಲೆ 1934ರಲ್ಲಿ ಹೊರತಂದ ಜೀವನಚಿತ್ರ. ಇವುಗಳಲ್ಲಿ ಹಿರಿದಾದುದು ಮೊದಲನೆಯದೆಂದು ವಿದ್ವಾಂಸರು ಎಣಿಸುವುದು ಸಹಜ. ಭಾಷಾಶಾಸ್ತ್ರಕ್ಕೂ ಮಲಬಾರಿನ ಇತಿಹಾಸಕ್ಕೂ ಅದರ ಉಪಕಾರ ದೊಡ್ಡದು. ಆದರೆ ವಂಶಚರಿತ್ರೆಯೆಂಬ ದೃಷ್ಟಿಯಿಂದ ನೋಡುವಾಗ ನಮ್ಮ ತೂಕ ಎರಡನೆಯದರ ಕಡೆಗೆ ವಾಲುತ್ತದೆ. ಕಾರಣವನ್ನು ಹೇಳಬೇಕು.

ಗುಂಡರ್ಟರದು ದುಡಿಯುವವನ ದಿನಚರಿ. ಪ್ರಯಾಣ, ಜ್ವರ, ಜನನ, ಬಂದವರು, ಹೋದವರು, ಶಾಲೆಯ ಕೆಲಸ, ಎಲ್ಲವೂ ಚಿಕ್ಕ ಚಿಕ್ಕ ಟಿಪ್ಪಣಿಗಳಲ್ಲಿ ಸಾಲಾಗಿ ನಿಲ್ಲುತ್ತವೆ. ಅಲ್ಲಿ ಮನೆಯಿದೆ, ಆದರೆ ಮನೆಯೊಳಗಿನವರ ದನಿಯಿಲ್ಲ. ಇದು ಅವರ ದೋಷವಲ್ಲ, ಆ ಪ್ರಕಾರದ ಗುಣ. ಮರೀಯ ಗ್ರಂಥದಲ್ಲಾದರೋ ವಲಸೆಯ ಬೆಲೆಯನ್ನು ತೆತ್ತವರೇ ಮಾತನಾಡುತ್ತಾರೆ. ಆಗ ಮಿಷನರಿಗಳ ಮಕ್ಕಳನ್ನು ಎಳೆತನದಲ್ಲಿಯೇ ಯುರೋಪಿಗೆ ಕಳುಹಿಸುವ ಪದ್ಧತಿಯಿತ್ತು. ಬಾಸೆಲಿನಲ್ಲಿ ಅಂಥ ಮಕ್ಕಳಿಗಾಗಿಯೇ ಒಂದು ನಿಲಯ ಎದ್ದಿತು. ಮರೀಯೂ ಚಿಕ್ಕಂದಿನಲ್ಲಿಯೇ ಹೀಗೆ ತಾಯಿತಂದೆಗಳಿಂದ ಅಗಲಿದಳು. ಮತ್ತೆ ಅವರ ಬಳಿಗೆ ಆಕೆ ಬಂದದ್ದು 1857ರಲ್ಲಿ, ಹದಿನೈದರ ಪ್ರಾಯದಲ್ಲಿ. ಆ ವರ್ಷವೇ ಗುಂಡರ್ಟರು ಮಲಬಾರ್ ಮತ್ತು ಕೆನರಾ ಸೀಮೆಗಳ ಶಾಲಾ ಇನ್‌ಸ್ಪೆಕ್ಟರಾಗಿ ಮಂಗಳೂರಿನಲ್ಲಿದ್ದರು. ಊರವರ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಅಕ್ಷರ ಕಲಿಸಿದ ತಾಯಿಗೆ ತನ್ನ ಮಗಳನ್ನು ಸಾಕುವ ಭಾಗ್ಯವಿರಲಿಲ್ಲ. ಮತಪ್ರಚಾರದ ವಿಷಯದಲ್ಲಿ ನಮ್ಮ ಅಭಿಪ್ರಾಯ ಏನೇ ಇರಲಿ, ಈ ಸಂಗತಿಯ ಮುಂದೆ ಓದುಗನ ಮನಸ್ಸು ಕ್ಷಣಕಾಲ ನಿಲ್ಲದೆ ಇರದು.

ಹಾಗೆಂದು 1934ರ ಗ್ರಂಥ ನಿರ್ದೋಷವೆಂದಲ್ಲ. ತಾಯಿಯ ಬರಹವನ್ನು ಮಗಳು ಆಯ್ದಿದ್ದಾಳೆ. ಆಯ್ಕೆಯೆಂದಮೇಲೆ ಬಿಟ್ಟದ್ದೂ ಉಂಟು. ಭಕ್ತಿಯಿಂದ ಕಟ್ಟಿದ ಮಾಲೆಯಲ್ಲಿ ಬಾಡಿದ ಹೂವಿಗೆ ಜಾಗ ಕಡಿಮೆ. ಇನ್ನೂ ದೊಡ್ಡ ಕೊರತೆಯೆಂದರೆ ಅಜ್ಜಿಯದು. ಮರೀಯ ಮಾತನ್ನು ಮಗಳು ಉಳಿಸಿದಳು. ಗುಂಡರ್ಟರ ಮಾತನ್ನು ವಿದ್ವಾಂಸರು ಉಳಿಸಿದರು. ಎರಡು ಗ್ರಂಥಗಳ ನಡುವೆ ನಿಂತ ಜೂಲಿಯನ್ನು ಮಾತ್ರ ನಾವು ಗಂಡನ ಟಿಪ್ಪಣಿಯಲ್ಲೋ ಮಗಳ ನೆನಪಿನಲ್ಲೋ ಹುಡುಕಿಕೊಳ್ಳಬೇಕು. ದ್ರಾಕ್ಷಿತೋಟ ಬಿಟ್ಟು ಬಂದವಳೇ ಆಕೆ. ವಲಸೆಯ ಕಥೆಯಲ್ಲಿ ಅರ್ಧ ಮರೆಯಾದವಳೂ ಆಕೆಯೇ. ಗುಂಡರ್ಟರು 1859ರಲ್ಲಿ ಕಾಯಿಲೆಯಿಂದ ಯುರೋಪಿಗೆ ಮರಳಿದರು. ಹಿಂದೆಯೇ ಹೋದ ಜೂಲಿ ಗಂಡನ ಸೀಮೆಯಾದ ಜರ್ಮನಿಯ ಕಾಲ್ವ್ ಪಟ್ಟಣದಲ್ಲಿ ಬಾಳಿ, 1885ರಲ್ಲಿ ಅಲ್ಲಿಯೇ ತೀರಿಕೊಂಡಳು. ಹುಟ್ಟಿದೂರಿನ ತೋಟಕ್ಕೆ ಆಕೆಯ ಬದುಕು ಹಿಂದಿರುಗಲಿಲ್ಲ.

ಕನ್ನಡದಲ್ಲಿ ಹೆಸ್ಸೆಯನ್ನು ಕುರಿತು ಬರೆಯುವಾಗ ನಾವು ಮಾಡುವ ತಪ್ಪೊಂದು ಇಲ್ಲಿಯೇ ಹುಟ್ಟುತ್ತದೆ. 1922ರ ‘ಸಿದ್ಧಾರ್ಥ’ವನ್ನು ಮೆಚ್ಚಿ, ಹೆಸ್ಸೆಗೆ ಭಾರತವನ್ನು ಕೊಟ್ಟವರು ಅಜ್ಜ ಎಂದು ಹೇಳಿ ಮುಗಿಸಿಬಿಡುತ್ತೇವೆ. ಇದು ಸುಳ್ಳಲ್ಲ, ಅರ್ಧಸತ್ಯ. ಪುಸ್ತಕದ ಭಾರತ ಅಜ್ಜನಿಂದ ಬಂದಿರಬಹುದು. ಆದರೆ ತಂದೆಯ ಮನೆಯನ್ನು ಬಿಟ್ಟು ಹೊರಡುವ ಮಗ, ಕೊನೆಗೆ ತನ್ನ ಮಗನೇ ತನ್ನನ್ನು ಬಿಟ್ಟು ಹೋದಾಗ ಹೊಳೆಯ ದಂಡೆಯಲ್ಲಿ ನೋಯುವ ತಂದೆ, ಈ ಅನುಭವ ನಿಘಂಟಿನಿಂದ ಬರುವಂಥದಲ್ಲ. ಅಗಲಿಕೆಯನ್ನೇ ಆಸ್ತಿಯಾಗಿ ಪಡೆದ ಮನೆಯಲ್ಲಿ ಬೆಳೆದವನಿಗೆ ಅದು ತಾನಾಗಿ ತಿಳಿದಿದ್ದೀತು. ಇದು ನನ್ನ ಊಹೆಯೆಂದು ಒಪ್ಪಿಕೊಳ್ಳುತ್ತೇನೆ. 1911ರಲ್ಲಿ ಹೆಸ್ಸೆ ಸಿಂಹಳ, ಸುಮಾತ್ರಗಳವರೆಗೆ ಬಂದರೂ ತಾಯಿ ಹುಟ್ಟಿದ ಮಲಬಾರನ್ನು ಕಾಣದೆಯೇ ಹಿಂದಿರುಗಿದರೆಂಬುದು ಮಾತ್ರ ಊಹೆಯಲ್ಲ.

ಈ ದೂರದ ಕುಟುಂಬದ ಮಾತು ನಮಗೇಕೆ ಎಂದು ಚಂದ್ರಂಪಳ್ಳಿಯ ಕಡೆಯ ವಾಚಕರೊಬ್ಬರು ಕೇಳಿದರೆ ತಪ್ಪಿಲ್ಲ. ಚಿಂಚೋಳಿಯ ಕಾಡಿನ ನಡುವೆ ಆ ಅಣೆಕಟ್ಟೆಯ ನೀರು ಇದೆ. ಆಚೆಗೆ ತೊಗರಿ, ಜೋಳದ ಹೊಲಗಳಿವೆ. ಆದರೂ ಹೊಲವಿದ್ದವರೂ ಇಲ್ಲದವರೂ ಹೈದರಾಬಾದಿಗೋ ಮುಂಬಯಿಗೋ ಗುಳೆ ಹೋಗುವುದು ತಪ್ಪಿಲ್ಲ. ಎಳೆಯ ಮಕ್ಕಳನ್ನು ಅಜ್ಜ ಅಮ್ಮಂದಿರ ಬಳಿ ಬಿಟ್ಟು, ಬೇರೆಯವರ ಮಹಡಿಗಳನ್ನು ಕಟ್ಟಲು ಹೋಗುವ ತಾಯಂದಿರು ಚಿಂಚೋಳಿ, ಸೇಡಂ, ಚಿತ್ತಾಪುರದ ಹಳ್ಳಿಗಳಲ್ಲಿ ಅಪರೂಪವಲ್ಲ. ಜೂಲಿಯನ್ನು ಕರೆದದ್ದು ಧರ್ಮಶ್ರದ್ಧೆ, ಇವರನ್ನು ನೂಕುವುದು ಹೊಟ್ಟೆ. ಆ ವ್ಯತ್ಯಾಸವನ್ನು ಮರೆಯುವಂತಿಲ್ಲ. ಆದರೆ ಬಿಟ್ಟುಹೋದ ಮಗುವಿನ ಕಡೆಯಿಂದ ನೋಡಿದರೆ ಎರಡೂ ಒಂದೇ ಬಾಗಿಲು.

ಈಚೆಗೆ ನಮ್ಮಲ್ಲಿಯೂ ಮನೆತನದ ಚರಿತ್ರೆಗಳನ್ನು ಬರೆಯುವ ಆಸೆ ಬೆಳೆಯುತ್ತಿದೆ. ಒಳ್ಳೆಯದೇ. ಆದರೆ ಇವುಗಳಲ್ಲಿ ಹಲವು ಗೌಡಿಕೆ, ಜಮೀನು, ಪದವಿ, ಸನ್ಮಾನಗಳ ಪಟ್ಟಿಗಳಾಗಿ ಮುಗಿಯುತ್ತವೆ. ಬರೆಯುವವರಲ್ಲಿ ನನ್ನ ಬಿನ್ನಹವಿಷ್ಟೆ: ಹೆಳವನಿಂದ ಮೂಲ ಊರಿನ ಹೆಸರನ್ನು ಕೇಳಿ ಬರೆದುಕೊಳ್ಳಿ. ಆಮೇಲೆ ಮನೆಯ ಹಿರಿಯ ಹೆಣ್ಣುಮಗಳ ಹತ್ತಿರ ಕುಳಿತು, ‘ಅವ್ವಾ, ನೀನು ಈ ಮನೆಗೆ ಬರುವಾಗ ಏನೇನು ಬಿಟ್ಟು ಬಂದಿ?’ ಎಂದು ಕೇಳಿ. ಕೋರ್ಸೆಲಿನ ಜೂಲಿಯನ್ನು ಆಕೆ ಬದುಕಿದ್ದಾಗ ಯಾರಾದರೂ ಹಾಗೆ ಕೇಳಿ ಬರೆದಿಟ್ಟಿದ್ದರೆ, ಮೇಲಿನ ಎರಡು ಗ್ರಂಥಗಳ ಜೊತೆಗೆ ಮೂರನೆಯದೊಂದು ಇಂದು ನಮ್ಮ ಮುಂದೆ ಇರುತ್ತಿತ್ತು.