ರೆಪ್ಪೆ ಮಗುಚಿ ನೋಡುವ ಬೆರಳು

ಕಣ್ಣಿನ ವೈದ್ಯರ ಕುಶಲತೆ ಎಂದೊಡನೆ ಲೇಸರ್, ಮಸೂರ, ದೊಡ್ಡ ಯಂತ್ರಗಳು ನೆನಪಾಗುತ್ತವೆ. ನನ್ನ ಮೆಚ್ಚುಗೆ ಮಾತ್ರ ರೆಪ್ಪೆ ಮಗುಚಿ ನೋಡುವ ಬೆರಳಿಗೆ. ಮೇಲಿನ ರೆಪ್ಪೆಯೊಳಗೆ ಸುಮಾರು 30 ಎಣ್ಣೆಗ್ರಂಥಿಗಳು ಸಾಲಾಗಿ ನಿಂತಿವೆ. ಒಂದರ ಬಾಯಿ ಕಟ್ಟಿದರೆ ಗಂಟು ಏಳುತ್ತದೆ, ಬಿಸಿ ಬಟ್ಟೆಯ ಶಾಖಕ್ಕೆ ಎಷ್ಟೋ ಸಲ ತಾನೇ ಇಳಿಯುತ್ತದೆ. ಅಪರೂಪಕ್ಕೆ ಅದೇ ಗ್ರಂಥಿಯಲ್ಲಿ ಹುಟ್ಟುವ ಕ್ಯಾನ್ಸರ್ ಈ ಸಾಧು ಗಂಟಿನ ವೇಷ ತೊಟ್ಟು, ಹೆಚ್ಚಾಗಿ ನೋವೇ ಇಲ್ಲದೆ ಬರುತ್ತದೆ. ಸ್ಲಿಟ್ ಲ್ಯಾಂಪಿನ ಕಿರಿದಾದ ಬೆಳಕಿನಲ್ಲಿ ನುರಿತ ಕಣ್ಣು ಅದರ ಆಸುಪಾಸನ್ನೂ ಓದುತ್ತದೆ: ಅಲ್ಲಿ ಮಾತ್ರ ಉದುರಿದ ರೆಪ್ಪೆಗೂದಲು, ಹಳದಿ ಛಾಯೆ, ದಪ್ಪಗಾದ ಅಂಚು, ತೆಗೆದ ಜಾಗದಲ್ಲೇ ಮತ್ತೆ ಎದ್ದ ಊತ.

ಕೊನೆಗೆ ತೀರ್ಪು ಕೊಡುವುದು ಬಯಾಪ್ಸಿ ತಾನೇ, ಕಣ್ಣಳತೆಗೆ ಇಷ್ಟು ಹೊಗಳಿಕೆ ಏಕೆ ಎನ್ನಬಹುದು. ನಿಜ, ಆದರೆ ಅನುಮಾನ ಮೂಡದಿದ್ದರೆ ಗಂಟಿನ ಚೂರು ಪ್ರಯೋಗಾಲಯದ ಬಾಗಿಲನ್ನೇ ಕಾಣುವುದಿಲ್ಲ. ಕಂಡ ಗಂಟನ್ನೆಲ್ಲ ಕತ್ತರಿಸುವುದೂ ಜಾಣತನವಲ್ಲ. ಹಲವನ್ನು ಸುಮ್ಮನೆ ಬಿಟ್ಟು ಒಂದರ ಮುಂದೆ ತಡೆದು ನಿಲ್ಲುವುದೇ ಇಲ್ಲಿನ ಕಸುಬು. ಕ್ಯಾನ್ಸರ್ ಖಚಿತವಾದ ಮೇಲೆ, ಅಂಚಿನಲ್ಲಿ ರೋಗ ಉಳಿದಿಲ್ಲವೆಂದು ಸೂಕ್ಷ್ಮದರ್ಶಕ ಹೇಳುವವರೆಗೆ ಕತ್ತರಿಸಿ, ರೆಪ್ಪೆ ಮತ್ತೆ ಪೂರ್ತಿ ಮುಚ್ಚುವಂತೆ ಹೊಲಿಯಬೇಕು. ಮುಚ್ಚದ ರೆಪ್ಪೆಯಡಿ ಕಾರ್ನಿಯಾ ಒಣಗುತ್ತದೆ.