ಪೋರ್ಟ್ 25 ಮತ್ತು ಕನ್ನಡದ ವಿಳಾಸ

ವೇಳಚ್ಚೇರಿಯ ಮನೆಗೆ ಹೊಸ ಫೈಬರ್ ಬಂದದ್ದೇ ತಡ, ಪೋಸ್ಟ್‌ಫಿಕ್ಸ್‌ನ ಸರತಿಯಲ್ಲಿ ಪತ್ರಗಳು ನಿಂತುಬಿಟ್ಟವು. ಲಾಗ್ ತೆಗೆದರೆ ಸಾಲುಸಾಲಿಗೂ ‘ಕನೆಕ್ಷನ್ ಟೈಮ್ಡ್ ಔಟ್’. ಈ ಅಂಕಣದ ಓದುಗರಿಗೆ ಕಾರಣ ಹೇಳಬೇಕಿಲ್ಲ. ಹೊರಹೋಗುವ 25ನೇ ಪೋರ್ಟನ್ನು ಕಂಪನಿ ಮುಚ್ಚಿದೆ. ಕರಾರುಪತ್ರದಲ್ಲಿ ಅದರ ಸುದ್ದಿಯಿಲ್ಲ. ಫೋನ್ ಮಾಡಿದರೆ ರೂಟರ್ ಆಫ್ ಮಾಡಿ ಆನ್ ಮಾಡಿ ಎನ್ನುತ್ತಾರೆ.

ಮುಚ್ಚಿದ್ದೇ ಅನ್ಯಾಯ ಎನ್ನುವ ಗುಂಪೊಂದು ನಮ್ಮ ಹವ್ಯಾಸಿಗಳಲ್ಲಿದೆ. ಅವರೊಂದಿಗೆ ನನ್ನ ಜಗಳ ಹಳೆಯದು, ಇವತ್ತೂ ರಾಜಿಯಿಲ್ಲ. 2012ರ ಮೊದಲ ಮೂರು ತಿಂಗಳ ಲೆಕ್ಕ ತೆಗೆದ ಸೋಫೋಸ್ ಸಂಸ್ಥೆ, ಜಗತ್ತಿನ ಸ್ಪ್ಯಾಮ್‌ನಲ್ಲಿ ಶೇ 9.3 ಭಾರತದಿಂದ ಹೊರಡುತ್ತಿದೆ ಎಂದಿತು. ಅಮೆರಿಕವನ್ನೂ ಹಿಂದಿಕ್ಕಿ ನಾವು ಮೊದಲಿಗರಾಗಿದ್ದೆವು. ಅದನ್ನು ಯಾರೂ ಕೂತು ಟೈಪ್ ಮಾಡಿರಲಿಲ್ಲ. ವೈರಸ್ ಹೊಕ್ಕ ಕಂಪ್ಯೂಟರ್‌ಗಳು, ಒಡೆಯರಿಗೆ ಗೊತ್ತೇ ಆಗದಂತೆ, ಊರೂರಿನ ಸರ್ವರ್‌ಗಳ 25ನೇ ಪೋರ್ಟಿಗೆ ನೇರವಾಗಿ ಪತ್ರ ಸುರಿಯುತ್ತಿದ್ದವು. ಸಾಮಾನ್ಯ ಮನೆಗೆ 25 ಬೇಕೂ ಇಲ್ಲ. ಹೆಸರು, ಪಾಸ್‌ವರ್ಡ್ ಕೊಟ್ಟು ತಮ್ಮ ಮೇಲ್ ಕಂಪನಿಗೆ ಪತ್ರ ಒಪ್ಪಿಸಲು 587 ಎಂಬ ಪೋರ್ಟ್ 1998ರಿಂದಲೇ ಇದೆ. ಬ್ರೆಜಿಲ್ ಮೊದಲು ಜನರನ್ನು 587ಕ್ಕೆ ಕರೆದೊಯ್ದು ಆಮೇಲೆ 25 ಮುಚ್ಚಿತು. ಮಾಡುವ ರೀತಿ ಅದು.

ನನ್ನ ತಕರಾರು ಬೇರೆಯದು. ಕೇಳಿದವರಿಗಾದರೂ ತೆರೆದುಕೊಡಬೇಕು. ಗುರುತಿನ ಪತ್ರ ಕೊಟ್ಟು, ಸ್ಥಿರ ಐಪಿಗೆ ಬೇರೆ ದುಡ್ಡು ಕಟ್ಟಿದ ಗ್ರಾಹಕನನ್ನು ಹುಡುಕುವುದು ಕಂಪನಿಗೆ ಕಷ್ಟವಲ್ಲ. ಸ್ಪ್ಯಾಮ್ ಹೊರಟರೆ ಆ ಕ್ಷಣ ಮುಚ್ಚಲಿ. ಬಾಡಿಗೆ ಸರ್ವರ್ ಕೊಡುವ ಹಲವು ಕಂಪನಿಗಳು ಹೀಗೇ ನಡೆಸುತ್ತಿವೆ: 25 ಮುಚ್ಚಿರುತ್ತದೆ, ಯಾಕೆ ಬೇಕೆಂದು ಬರೆದುಕೊಟ್ಟರೆ ತೆರೆಯುತ್ತದೆ. ಸ್ಥಿರ ಐಪಿ ಇಲ್ಲದವರ ಪಾಡು ಇನ್ನೂ ಕೆಟ್ಟದ್ದು. ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಹಲವು ಮನೆಗಳನ್ನು ಕೂರಿಸಿರುವುದರಿಂದ ಅವರಿಗೆ ಒಳಬರುವ ದಾರಿಯೂ ಇಲ್ಲ.

ಇಷ್ಟೆಲ್ಲ ಯಾಕಾಯಿತು ಎಂದು ತಿಳಿಯಲು ಆರ್‌ಎಫ್‌ಸಿ 821 ಓದಬೇಕು. ಜಾನ್ ಪೋಸ್ಟೆಲ್ 1982ರ ಆಗಸ್ಟಿನಲ್ಲಿ ಬರೆದದ್ದು. ನಾನು ಮತ್ತೆ ಮತ್ತೆ ಮರಳುವ ಬರಹ. ಎರಡು ಯಂತ್ರಗಳ ಸಂಭಾಷಣೆಯನ್ನು ಆತ ನಾಟಕದ ಮಾತಿನ ಹಾಗೆ ಕೂರಿಸಿದ್ದಾನೆ. ಸರ್ವರ್ 220 ಎಂದು ಸ್ವಾಗತಿಸುತ್ತದೆ. ಬಂದವನು ‘ಹೆಲೊ’ ಎಂದು ಹೆಸರು ಹೇಳುತ್ತಾನೆ. ಯಾರಿಂದ, ಯಾರಿಗೆ ಎನ್ನುತ್ತಾನೆ; ಪ್ರತಿಯೊಂದಕ್ಕೂ 250, ಅಂದರೆ ಸರಿ. ‘ಡೇಟಾ’ ಎಂದರೆ 354, ಶುರುಮಾಡು. ಪತ್ರ ಮುಗಿದಾಗ ಒಂದು ಸಾಲಿನಲ್ಲಿ ಬರೀ ಒಂದು ಚುಕ್ಕೆ. ಮತ್ತೆ 250. ‘ಕ್ವಿಟ್’, 221, ಬೀಳ್ಕೊಡುಗೆ. ಟೆಲ್ನೆಟ್ ಹಿಡಿದು ಇದನ್ನು ಕೈಯಾರೆ ಮಾಡಿದವರಿಗೆ ಆ ಸುಖ ಗೊತ್ತು. ಆದರೆ ಇಡೀ ಮಾತುಕತೆಯಲ್ಲಿ ನೀನು ನಿಜಕ್ಕೂ ನೀನೇನಾ ಎಂದು ಕೇಳುವ ಸಾಲೇ ಇಲ್ಲ. ಬೇಕಿರಲಿಲ್ಲ. 1986ರಲ್ಲಿ ನಮ್ಮ ಅರ್ನೆಟ್ ಹುಟ್ಟಿದಾಗ ಅದರಲ್ಲಿದ್ದವು ಎಂಟೇ ಸಂಸ್ಥೆಗಳು, ಇಲ್ಲಿನ ಐಐಟಿ ಮದ್ರಾಸ್ ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಮದ್ರಾಸೂ ಸೇರಿದಂತೆ ಮಹಾನಗರಗಳ ಸಾಮಾನ್ಯರಿಗೆ ಇಂಟರ್ನೆಟ್ ತೆರೆದಾಗಲೂ ಪತ್ರ ಸಾಗಿದ್ದು ಅದೇ ನಂಬಿಕೆಯ ಮೇಲೆ.

821ರ ಇನ್ನೊಂದು ಮಿತಿ ನನ್ನನ್ನು ಹೆಚ್ಚು ಕಾಡುತ್ತದೆ. ಅಲ್ಲಿ ಅಕ್ಷರವೆಂದರೆ 7 ಬಿಟ್‌ನ ಆಸ್ಕಿ. ಪತ್ರದ ಒಳಗೆ ಕನ್ನಡ ಬರೆಯಲು ಆಮೇಲೆ ದಾರಿಯಾಯಿತು. ವಿಳಾಸ ಮಾತ್ರ ರೋಮನ್ ಲಿಪಿಯಲ್ಲೇ ಉಳಿಯಿತು. 2012ರ ಫೆಬ್ರವರಿಯಲ್ಲಿ ಬಂದ ಆರ್‌ಎಫ್‌ಸಿ 6531 ಆ ತಡೆಯನ್ನೂ ತೆಗೆಯಿತು. 2014ರಿಂದ ಜಿಮೇಲ್ ಇಂಥ ವಿಳಾಸಗಳ ಜೊತೆ ಪತ್ರ ವ್ಯವಹಾರ ಮಾಡುತ್ತಿದೆ. 2015ರ ಪೋಸ್ಟ್‌ಫಿಕ್ಸ್ 3.0ಗೂ ಇದು ಬಂತು. 2017ರಲ್ಲಿ ರಾಜಸ್ಥಾನ ಸರ್ಕಾರ ತನ್ನ ಜನರಿಗೆ ಹಿಂದಿಯ ಇಮೇಲ್ ವಿಳಾಸ ಕೊಟ್ಟಿತು. ನಮಗೂ ‘.ಭಾರತ’ ಎಂಬ ಡೊಮೇನ್ ಕನ್ನಡ ಲಿಪಿಯಲ್ಲೇ ಇದೆ.

ಮೇಲ್ ಅನ್ನು ದೊಡ್ಡ ಕಂಪನಿಗೆ ಒಪ್ಪಿಸಿ ನಿಶ್ಚಿಂತರಾಗಿ ಎಂದು ನನಗೆ ಬುದ್ಧಿ ಹೇಳುವವರಿಗೆ ಉತ್ತರ ಇಲ್ಲಿದೆ. ‘@’ ಚಿಹ್ನೆಯ ಎರಡೂ ಬದಿಗೆ ಕನ್ನಡ ಇರಬೇಕಾದರೆ ಸರ್ವರ್ ನನ್ನದಾಗಿರಬೇಕು. ದಾರಿಯ ಒಂದು ಸರ್ವರ್ ಈ ಸೌಲಭ್ಯವಿಲ್ಲ ಎಂದರೂ ಪತ್ರ ವಾಪಸ್ ಬರುತ್ತದೆ. ಯಾವುದು ಒಪ್ಪುತ್ತದೆ, ಯಾವುದು ತಿರಸ್ಕರಿಸುತ್ತದೆ ಎಂದು ತಿಳಿಯಲು ಒಂದೊಂದಕ್ಕೂ 25ರಲ್ಲಿ ಕರೆ ಕಳಿಸಿ ನೋಡಬೇಕು. ಮನೆಯಿಂದ ಅದಾಗದು, ಸದ್ಯಕ್ಕೆ ನಾನು ವೈರ್‌ಗಾರ್ಡ್ ಸುರಂಗದ ಮೂಲಕ ಬಾಡಿಗೆ ಸರ್ವರ್ ಹಿಡಿದು ಹೊರಗೆ ಹೋಗುತ್ತಿದ್ದೇನೆ. ಅದರ ಸೆಟ್ಟಿಂಗ್‌ಗಳನ್ನು ಮುಂದಿನ ವಾರ ಕೊಡುತ್ತೇನೆ. ಮಾಡಿನೋಡಬೇಕೆನ್ನುವವರು ಅಷ್ಟರೊಳಗೆ ಒಂದು ‘.ಭಾರತ’ ಹೆಸರು ಕೊಂಡಿಟ್ಟುಕೊಳ್ಳಿ.